ಸೊಂಟದ ಚೌಕದಲ್ಲಿ ಮೂವತ್ತೆಂಟು

ನಮ್ಮ ಸೋದರಮಾವನ ಬಲಭುಜ ಎಡಭುಜಕ್ಕಿಂತ ಒಂದು ಇಂಚು ತಗ್ಗು. ಮೂವತ್ತು ವರ್ಷ ದೊಡ್ಡ ಕತ್ತರಿ ಹಿಡಿದು ಮೇಜಿನ ಮೇಲೆ ಬಾಗಿದವರ ಭುಜ ಹಾಗಾಗುವುದು ಸಹಜ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದೆ ಆ ಭುಜ ಹನ್ನೆರಡು ಜನಕ್ಕೆ ಹರಡಿತು. ಅಂಟುರೋಗದಿಂದಲ್ಲ, ಆನ್‌ಲೈನ್ ಶೀಟಿನಿಂದ.

ಮಾವನದು ಹೊಲಿಗೆ ಅಂಗಡಿ. ಒಂದು ಕತ್ತರಿಸುವ ಮೇಜು, ಎರಡು ಮಷೀನು, ಒಂದು ಇಸ್ತ್ರಿ ಮೇಜು, ಮೂರು ಜನ. ಮಾವ ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ, ಕಾಜಾ ಗುಂಡಿ ನೋಡಿಕೊಳ್ಳುತ್ತೇನೆ. ಅತ್ತೆ ಇಸ್ತ್ರಿ ಹಾಕುತ್ತಾರೆ, ಜೊತೆಗೆ ಮಾತೂ ಹಾಕುತ್ತಾರೆ. ದೊಡ್ಡ ಕತ್ತರಿಯನ್ನು ಮಾವನ ಹೊರತು ಯಾರೂ ಮುಟ್ಟುವಂತಿಲ್ಲ. ಒಮ್ಮೆ ನಾನು ದಾರ ತುಂಡು ಮಾಡಲು ಅದನ್ನು ಎತ್ತಿದ್ದಕ್ಕೆ, ಅವರ ಮೀಸೆಯನ್ನೇ ಹಿಡಿದು ಎಳೆದವಳನ್ನು ನೋಡುವಂತೆ ನೋಡಿದ್ದರು.

ಎಲ್ಲ ಶುರುವಾದದ್ದು ಅಳತೆ ಪುಸ್ತಕದಿಂದ. ಹದಿನೆಂಟು ವರ್ಷದ ಗಿರಾಕಿಗಳ ಅಳತೆಯೆಲ್ಲ ಇದ್ದ ಆ ದಪ್ಪ ಪುಸ್ತಕವನ್ನು ಅತ್ತೆ ಒಂದು ದಿನ ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಿಬಿಟ್ಟರು. ಮಾವ ತಲೆಯ ಮೇಲೆ ಕೈ ಹೊತ್ತು ಕುಳಿತರು.

"ಎಷ್ಟು ಜನರ ಎದೆ, ಸೊಂಟ ಅದರಲ್ಲಿತ್ತು ಗೊತ್ತೇನೇ ನಿಂಗೆ?"

"ಹೋದ್ರೆ ಹೋಯ್ತು ಬಿಡ್ರಿ. ಅವ್ರವ್ರ ಎದೆ ಸೊಂಟ ಅವ್ರವ್ರ ಹತ್ರಾನೇ ಇದೆಯಲ್ಲ, ಇನ್ನೊಂದ್ಸಲ ಅಳೀರಿ," ಎಂದರು ಅತ್ತೆ.

ಈ ಮಾತಿನಲ್ಲಿ ತುಂಬ ವಿವೇಕವಿತ್ತು. ಆದ್ದರಿಂದಲೇ ಮಾವ ಅದನ್ನು ಕೇಳಲಿಲ್ಲ. ಒಂದು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿದರು. ಎಂಟನೇ ದಿನ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕತ್ತರಿಸುವ ಮೇಜಿನ ಮೇಲೆ ತಂದಿಟ್ಟು, ಆನ್‌ಲೈನಿನಲ್ಲಿ ಒಂದು ಶೀಟ್ ತೆರೆದರು. ಅಡ್ಡ ಸಾಲು, ಉದ್ದ ಸಾಲು, ನಡುವೆ ನೂರಾರು ಖಾಲಿ ಚೌಕ. ಒಂದೊಂದು ಚೌಕಕ್ಕೆ ಸೆಲ್ ಎನ್ನಬೇಕಂತೆ.

"ಇದು ಇರೋದು ಈ ಡಬ್ಬದಲ್ಲಲ್ಲ, ಎಲ್ಲೋ ಮೇಲೆ. ಅಲ್ಲಿಗೆ ನಿನ್ನ ಹಳೇ ಪೇಪರಿನೋನು ತಕ್ಕಡಿ ತಗೊಂಡು ಹೋಗ್ಲಿ ನೋಡೋಣ," ಎಂದು ಅತ್ತೆಗೆ ಸವಾಲು ಹಾಕಿದರು. ಮರುದಿನ ಅಂಗಡಿಯ ಬೋರ್ಡಿನಲ್ಲಿ 'ಟೈಲರ್' ಎಂಬುದರ ಹಿಂದೆ 'ಡಿಜಿಟಲ್' ಎಂದು ಬರೆಸಿದರು. ಜಾಗ ಸಾಲದೆ 'ಡಿ' ಗೋಡೆಯ ಮೇಲೆ ಬಂತು.

ಅದೇ ವಾರ ದೊಡ್ಡ ಆರ್ಡರ್ ಬಂತು. ನಮ್ಮ ಬೀದಿಯ ತುದಿಯಲ್ಲೇ ಅಗ್ನಿಶಾಮಕ ಠಾಣೆ. ಅಲ್ಲಿಯ ಅಧಿಕಾರಿಗೆ ಬೀದಿಯವರು ಇಟ್ಟ ಹೆಸರು ಸೈರನ್ ಸಾಹೇಬರು. ಅವರು ಪಿಸುಗುಟ್ಟಿದರೂ ಎದುರು ಬೀದಿಯ ನಾಯಿ ಏಳುತ್ತದೆ. ಅವರೇ ಅಂಗಡಿಗೆ ಬಂದು, ಹೊಟ್ಟೆಯನ್ನು ಮೇಜಿನ ಅಂಚಿಗೆ ಆನಿಸಿ ನಿಂತು, ಮೂರು ವಾರಕ್ಕೆ ದೊಡ್ಡ ಸಾಹೇಬರ ತಪಾಸಣೆ ಇದೆ, ತಮ್ಮನ್ನೂ ಸೇರಿಸಿ ಹನ್ನೆರಡು ಜನಕ್ಕೆ ಹೊಸ ಸಮವಸ್ತ್ರ ಆಗಬೇಕು ಎಂದರು.

"ಚೆನ್ನಾಗಾದ್ರೆ ಇನ್ಮುಂದೆ ಪ್ರತಿ ವರ್ಷ ನಿಮಗೇ ಮಾಸ್ಟ್ರೇ. ಕೆಟ್ಟೋದ್ರೆ ಎದುರಂಗಡಿ ಇದ್ದೇ ಇದೆ."

ಎದುರಂಗಡಿ ಎಂದರೆ ರೆಡಿಮೇಡ್ ಅಂಗಡಿ. ಅದರ ಯಜಮಾನ ಸದಾ ಬಾಗಿಲಲ್ಲಿ ನಿಂತು ನಮ್ಮ ಅಂಗಡಿಯನ್ನೇ ನೋಡುತ್ತ ಇರುತ್ತಾನೆ. "ನನ್ನ ಹತ್ರ ನಾಕೇ ಸೈಜು ಮಾಸ್ಟ್ರೇ. ಹುಟ್ಟಿದೋರೆಲ್ಲ ಆ ನಾಕರಲ್ಲೇ ಹಿಡೀತಾರೆ," ಎನ್ನುವುದು ಅವನ ಸಿದ್ಧಾಂತ. ಅವನ ಅಂಗಡಿಗೆ ಗಿರಾಕಿ ಹೆಚ್ಚಿದಷ್ಟೂ ನಮ್ಮಲ್ಲಿ ಮಷೀನಿನ ಸದ್ದು ಕಡಿಮೆಯಾಗಿತ್ತು.

ಸಾಹೇಬರು ಹೋದ ಮೇಲೆ ಮಾವ ನನ್ನ ಕಡೆ ತಿರುಗಿದರು. "ನೋಡು ಪುಟ್ಟಿ, ಈ ಆರ್ಡರ್ ಕೈ ತಪ್ಪಿತೋ, ಅಂಗಡಿ ಬಾಗಿಲು ಹಾಕೋದೇ. ನೀನು ನಿಮ್ಮಕ್ಕನ ಮನೆಗೆ ಹೋಗಿ ಅವಳ ಅವಳಿ ಮಕ್ಕಳ ಮೂಗು ಒರೆಸ್ತಾ ಕೂತ್ಕೋಬೇಕಾಗುತ್ತೆ."

ಆ ಮೂಗುಗಳನ್ನು ನಾನು ನೋಡಿದ್ದೆ. ಆರ್ಡರ್ ಕೈ ತಪ್ಪಬಾರದು ಎಂದು ಆ ಕ್ಷಣವೇ ನಿರ್ಧರಿಸಿದೆ.

"ನಾಳೆ ಟೇಪು ತಗೊಂಡು ಠಾಣೆಗೆ ಹೋಗ್ತೀರಾ ಮಾವ?"

"ಟೇಪಾ?" ಮಾವ ನಕ್ಕರು. "ಟೇಪಿನ ಕಾಲ ಮುಗೀತು. ಟೇಪು ಹಿಡಿದ ತಕ್ಷಣ ಗಿರಾಕಿ ಉಸಿರು ಎಳ್ಕೊಂಡು ಹೊಟ್ಟೆ ಒಳಗೆ ಹಾಕ್ತಾನೆ. ಅಳತೆ ತಪ್ಪಾಗೋದೇ ಅಲ್ಲಿ. ಅಂಕಿ ಉಸಿರು ಎಳ್ಕೊಳ್ಳುತ್ತಾ? ಇಲ್ಲ. ನಾನು ಒಂದು ಫಂಕ್ಷನ್ ಬರೀತೀನಿ. ಎತ್ತರ, ತೂಕ ಎರಡು ಕೊಟ್ರೆ ಸಾಕು. ಎದೆ, ಸೊಂಟ, ತೋಳು, ಭುಜ ಎಲ್ಲ ಅದೇ ಹೇಳುತ್ತೆ."

ಶೀಟಿನಲ್ಲಿ ಕೂಡುವ, ಕಳೆಯುವ ಸೂತ್ರಗಳು ಮೊದಲೇ ಇರುತ್ತವೆ. ಅವು ಸಾಲದಿದ್ದರೆ ನಮ್ಮದೇ ಸೂತ್ರ ಬರೆದು, ಅದಕ್ಕೊಂದು ಹೆಸರಿಟ್ಟು, ಯಾವ ಚೌಕದಲ್ಲಿ ಬೇಕಾದರೂ ಆ ಹೆಸರು ಹಿಡಿದು ಕರೆಯಬಹುದು. ಅದಕ್ಕೇ ಫಂಕ್ಷನ್ ಎನ್ನಬೇಕಂತೆ. ಮಾವ ತಮ್ಮ ಸೂತ್ರಕ್ಕೆ 'ಮಾಸ್ಟರ್' ಎಂದು ಹೆಸರಿಟ್ಟರು. ಮೂರು ದಿನ ಅದನ್ನು ಬರೆದರು. ಬರೆಯುವಾಗ ಅವರಿಗೊಂದು ಮಾದರಿ ದೇಹ ಬೇಕಾಯಿತು: ಇಷ್ಟು ತೂಕಕ್ಕೆ ಇಷ್ಟು ಸೊಂಟ ಎಂದು ಎಲ್ಲಾದರೂ ಒಂದು ಕಡೆಯಿಂದ ಶುರುಮಾಡಬೇಕಲ್ಲ. ಹತ್ತಿರದಲ್ಲಿ ಸಿಕ್ಕಿದ್ದು ಅವರದೇ ದೇಹ. ಕಾಲ ಮುಗಿದ ಟೇಪನ್ನು ಅತ್ತೆಯ ಕೈಗೆ ಕೊಟ್ಟು, ಅಂಗಡಿಯ ನಡುವೆ ನೆಟ್ಟಗೆ ನಿಂತರು.

"ತೂಕ ಅರವತ್ತು. ಸೊಂಟ ಎಷ್ಟೇ?"

"ಮೂವತ್ತು. ಊಟ ಹಾಕೋಳು ನಾನು, ಸೊಂಟ ನೋಡಿದ್ರೆ ಊರು ನನ್ನ ಬೈಯುತ್ತೆ."

"ಎದೆ?"

"ಮೂವತ್ನಾಕು. ರೀ, ಬಲಭುಜ ಇಳಿದಿದೆ. ನೆಟ್ಟಗೆ ನಿಲ್ರಿ."

"ನಿಂತಿದೀನಲ್ಲೇ! ಇದ್ದಿದ್ದು ಇದ್ದಂಗೆ ಹೇಳು. ಫಂಕ್ಷನ್‌ಗೆ ಸುಳ್ಳು ಹೇಳಬಾರದು."

ಅತ್ತೆ ಇದ್ದದ್ದು ಇದ್ದ ಹಾಗೇ ಹೇಳಿದರು. ಬಲಭುಜ ಒಂದು ಇಂಚು ಕೆಳಗೆ, ಬಲದೋಳು ಒಂದು ಇಂಚು ಉದ್ದ. ಮಾವ ಅದನ್ನೂ ನಿಷ್ಠೆಯಿಂದ ಸೂತ್ರಕ್ಕೆ ಸೇರಿಸಿದರು. ಉಳಿದದ್ದು ಶಾಲೆಯಲ್ಲಿ ಕಲಿತ ತ್ರೈರಾಶಿ: ಅರವತ್ತು ಕಿಲೋ ಮಾವನಿಗೆ ಮೂವತ್ತು ಇಂಚಾದರೆ ಎಂಬತ್ತು ಕಿಲೋದವನಿಗೆ ಎಷ್ಟು?

ನಾನು ಮೆಲ್ಲಗೆ, "ಮಾವ, ಎಲ್ಲರ ಮೈಯೂ ನಿಮ್ಮ ಹಾಗೇ ಇರಲ್ವಲ್ಲ," ಎಂದೆ.

"ನೀನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋಳು, ನಿಂಗೆ ತ್ರೈರಾಶಿ ಬರುತ್ತಾ?"

ನಿಜ, ತ್ರೈರಾಶಿ ಎಂಟನೇ ಕ್ಲಾಸಿನಲ್ಲಿತ್ತು. ನಾನು ಕಾಜಾ ಹೊಲಿಯಲು ಹೋದೆ.

ಶೀಟಿನ ಕೊಂಡಿಯನ್ನು ಮಾವ ಠಾಣೆಯ ಎಲ್ಲರ ಮೊಬೈಲಿಗೂ ಕಳಿಸಿದರು. ಅವರವರ ಎತ್ತರ, ತೂಕವನ್ನು ಅವರವರೇ ತುಂಬಬೇಕು. ಯಾರು ಯಾವ ಚೌಕವನ್ನು ಬೇಕಾದರೂ ತಿದ್ದಬಹುದು. ಬೀಗ ಹಾಕುವ ಪಾಠ ಆ ವಿಡಿಯೋದ ಎರಡನೇ ಭಾಗದಲ್ಲಿತ್ತು, ಮಾವ ಮೊದಲನೆಯದನ್ನಷ್ಟೇ ನೋಡಿದ್ದರು. ಅಂಗಡಿಯಲ್ಲಿ ಕುಳಿತೇ ನಾವು ಅಂಕಿಗಳು ಬಂದು ಇಳಿಯುವುದನ್ನು ನೋಡಿದೆವು. ಯಾರೋ ಎಂಬತ್ತೆರಡು ಎಂದು ಬರೆಯುತ್ತಿದ್ದ. ಪಕ್ಕದ ಸಾಲಿನವನು ಎಪ್ಪತ್ತೈದು ಎಂದು ಬರೆಯುತ್ತಿದ್ದಂತೆ ಎಂಬತ್ತೆರಡು ನಮ್ಮ ಕಣ್ಣೆದುರೇ ಎಪ್ಪತ್ನಾಲ್ಕಾಯಿತು. ಅದನ್ನು ಕಂಡ ಎಪ್ಪತ್ತೈದು, ಎಪ್ಪತ್ತೊಂದಾಯಿತು. ಅರ್ಧ ಗಂಟೆಯಲ್ಲಿ ಠಾಣೆಯ ಒಟ್ಟು ತೂಕ ಒಂದು ಕ್ವಿಂಟಲ್ ಇಳಿಯಿತು. ಎತ್ತರ ಮಾತ್ರ ಎಲ್ಲರದೂ ಎರಡೆರಡು ಇಂಚು ಏರಿತು. ಇಷ್ಟು ಬೇಗ ಮೈ ಕರಗಿಸುವ ವ್ಯಾಯಾಮಶಾಲೆ ಜಗತ್ತಿನಲ್ಲಿ ಇನ್ನೊಂದಿರಲಿಕ್ಕಿಲ್ಲ.

ಸೈರನ್ ಸಾಹೇಬರು ಎಪ್ಪತ್ತಾರು ಕಿಲೋ ಎಂದು ಬರೆದರು. 'ಮಾಸ್ಟರ್' ತಟ್ಟನೆ ಲೆಕ್ಕ ಹಾಕಿ ಸೊಂಟ ಮೂವತ್ತೆಂಟು, ಎದೆ ನಲವತ್ಮೂರು ಎಂದಿತು.

ನನ್ನ ಮಷೀನು ಇರುವುದು ಕಿಟಕಿಯ ಪಕ್ಕ. ದಿನಾ ಬೆಳಗ್ಗೆ ಠಾಣೆಯವರು ಅಂಗಳದಲ್ಲಿ ಗಾಡಿ ತೊಳೆಯುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಬಗ್ಗುವಾಗ ಯಾರ ಪ್ಯಾಂಟು ಎಲ್ಲಿ ಬಿಗಿಯುತ್ತದೆ, ಕೈ ಎತ್ತಿದಾಗ ಯಾರ ಅಂಗಿ ಎಷ್ಟು ಮೇಲೇರುತ್ತದೆ, ಎಲ್ಲ ನನಗೆ ಬಾಯಿಪಾಠ. ಸಾಹೇಬರ ಸೊಂಟ ಎಳೆದು ಕಟ್ಟಿದರೂ ನಲವತ್ತೆರಡಕ್ಕೆ ಕಡಿಮೆಯಿಲ್ಲ. ಮರುದಿನ ಬೆಳಗ್ಗೆ ಹನ್ನೆರಡು ಜನರನ್ನೂ ಇನ್ನೊಮ್ಮೆ ಕಣ್ಣಲ್ಲೇ ಅಳೆದು, ಇಸ್ತ್ರಿ ಮೇಜಿನ ಅಡಿಗೆ ನುಸುಳಿ, ಹಲಗೆಯ ಕೆಳಗೆ ಚಾಕ್‌ನಿಂದ ಬರೆದಿಟ್ಟೆ. ಅತ್ತೆ ನೋಡಿಬಿಟ್ಟರು.

"ಏನೇ, ಬೆಳಗಿನಿಂದ ಗಂಡಸರನ್ನ ಹಂಗೆ ಕಣ್ಣು ಬಿಟ್ಕೊಂಡು ನೋಡ್ತಿದೀಯ?"

"ಅಳತೆ ನೋಡ್ತಿದ್ದೆ ಅತ್ತೆ."

"ನಮ್ಮ ಕಾಲದಲ್ಲಿ ಮುಖ ನೋಡ್ತಿದ್ವಮ್ಮ," ಎಂದು ಅತ್ತೆ ಇಸ್ತ್ರಿ ಎತ್ತಿಕೊಂಡರು.

ಎರಡನೇ ದಿನ ಶೀಟಿನಲ್ಲಿ ಒಂದು ಸಾಲು ಕೆಂಪಾಯಿತು. ಗಾಡಿ ಓಡಿಸುವ ಹಿರಿಯ ಡ್ರೈವರಣ್ಣನ ಸಾಲು. ಅವರ ಎದೆ, ಸೊಂಟ, ತೋಳು ಎಲ್ಲ ಕಡೆಯೂ 'ದೋಷ' ಎಂದು ತೋರಿಸುತ್ತಿತ್ತು. ಮಾವ ಗಾಬರಿಯಿಂದ ಫೋನ್ ಮಾಡಿದರು.

"ಡ್ರೈವರಣ್ಣ, ಹೇಳೋಕೆ ಬೇಜಾರಾಗುತ್ತೆ. ನಿಮ್ಮ ಸೊಂಟದಲ್ಲಿ ದೋಷ ಇದೆ ಅಂತ ಬರ್ತಿದೆ."

"ಸೊಂಟದಲ್ಲಾ?"

"ಎದೆಯಲ್ಲೂ ಇದೆ."

"ಅಯ್ಯೋ! ಎಡಗಡೇನಾ, ಬಲಗಡೇನಾ?"

"ಎರಡೂ ಕಡೆ ಅಣ್ಣಾ. ತೋಳಲ್ಲೂ ತೋರಿಸ್ತಿದೆ. ತಡ ಮಾಡಬೇಡಿ."

ಡ್ರೈವರಣ್ಣ ತಡ ಮಾಡಲಿಲ್ಲ. ಅರ್ಧ ದಿನ ರಜೆ ಹಾಕಿ, ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ ಎದೆಗೂ ಸೊಂಟಕ್ಕೂ ಎಕ್ಸ್‌ರೇ ತೆಗೆಸಿದರು. ಡಾಕ್ಟರು ಏನೂ ಇಲ್ಲ ಎಂದರು. ಏನೂ ಇಲ್ಲದಿದ್ದರೆ ಟೈಲರಿಗೆ ಹೇಗೆ ಗೊತ್ತಾಯಿತು ಎಂದು ಇವರು ಜಗಳ ತೆಗೆದರು. ಜಗಳದ ಬಾಧೆ ತಾಳದೆ ಡಾಕ್ಟರು ಐದು ದಿನಕ್ಕೆ ಬಿಳಿ ಮಾತ್ರೆ ಬರೆದುಕೊಟ್ಟರು.

ಅಷ್ಟರಲ್ಲಿ ನಾನು ಆ ಸಾಲಿನ ತೂಕದ ಚೌಕ ನೋಡಿದೆ. ಅಂಕಿ ಇರಬೇಕಾದ ಕಡೆ ಡ್ರೈವರಣ್ಣ 'ಊಟಕ್ಕೆ ಮುಂಚೆ ಎಪ್ಪತ್ತು' ಎಂದು ಅಕ್ಷರದಲ್ಲಿ ಬರೆದಿದ್ದರು. ಹನ್ನೆರಡು ಜನರಲ್ಲಿ ಪ್ರಾಮಾಣಿಕರು ಅವರೊಬ್ಬರೇ. ಅವರಿಗೇ ದೋಷ ಬಂತು. ನಾನು ಅಕ್ಷರ ಅಳಿಸಿ ಬರಿಯ ಎಪ್ಪತ್ತು ಎಂಬ ಅಂಕಿ ಒತ್ತಿದೆ. ಕೆಂಪು ಹೋಯಿತು. ಸಂಜೆ ಮಾವ ಮತ್ತೆ ಫೋನ್ ಮಾಡಿ, "ಅಣ್ಣಾ, ದೋಷ ಹೋಯ್ತು!" ಎಂದರು. ಅತ್ತ ಕಡೆಯಿಂದ ಡ್ರೈವರಣ್ಣನ ಹೆಂಡತಿ, "ಒಂದೇ ಮಾತ್ರೆಗೆ ನೋಡಿ ಮಾಸ್ಟ್ರೇ!" ಎಂದು ಕಣ್ಣೀರಿಟ್ಟದ್ದು ನನಗೂ ಕೇಳಿಸಿತು. ಅಂದಿನಿಂದ ಬೀದಿಯಲ್ಲಿ ಮಾವನಿಗೆ ಬೇರೆಯೇ ಒಂದು ಗೌರವ ಬಂತು. ಇಬ್ಬರು ಮುದುಕಿಯರು ಮಂಡಿನೋವು ತೋರಿಸಲು ಅಂಗಡಿಗೇ ಬಂದರು.

ಮೂರನೇ ದಿನ ಸೈರನ್ ಸಾಹೇಬರೇ ಬಂದರು. ಈ ಸಲ ಬಾಗಿಲು ಮುಂದೆ ಮಾಡಿಕೊಂಡು, ತಮ್ಮ ಪ್ರಕಾರ ಪಿಸುದನಿಯಲ್ಲಿ, ಎಂದರೆ ಎದುರಂಗಡಿಯವನು ಕತ್ತೆತ್ತಿ ನೋಡುವಷ್ಟು ಮಾತ್ರ ಜೋರಾಗಿ ಹೇಳಿದರು:

"ಮಾಸ್ಟ್ರೇ, ಶೀಟ್ ನೋಡ್ದೆ. ಬೀರುವಿನ ಎದೆ ಐವತ್ತು ಅಂತ ಇದೆ. ನಂದು ನಲವತ್ಮೂರು."

ಬೀರು ಎಂಬುದು ಬೆಂಕಿ ಆರಿಸುವ ಒಬ್ಬ ಜವಾನನ ಅಡ್ಡಹೆಸರು. ಬಾಗಿಲಲ್ಲಿ ಅಡ್ಡಡ್ಡ ತಿರುಗಿ ನುಗ್ಗುವ ಆಳು. ತೂಕ ಎಂಬತ್ತೆಂಟು ಎಂದು ಬರೆದಿದ್ದ. ಅಂಥವನು ಅದಕ್ಕಿಂತ ಕಡಿಮೆ ಬರೆದರೆ ಯಾರು ನಂಬುತ್ತಾರೆ?

"ಅವನು ಸ್ವಲ್ಪ ದಷ್ಟಪುಷ್ಟ ಸಾರ್," ಎಂದರು ಮಾವ.

"ಇರ್ಲಿ. ಆದ್ರೆ ದೊಡ್ಡ ಸಾಹೇಬರು ಬರ್ತಾರೆ. ಅಧಿಕಾರಿ ಎದೆಗಿಂತ ಜವಾನನ ಎದೆ ಏಳಿಂಚು ಮುಂದೆ ಇದ್ರೆ ಶಿಸ್ತು ಏನಾಯ್ತು? ಇಲಾಖೆ ಅಂದ್ಮೇಲೆ ಒಂದು ಮೇಲು ಕೆಳಗು ಬೇಡ್ವಾ?"

"ಬೇಕು ಸಾರ್. ಅದಕ್ಕೇನು, ಫಂಕ್ಷನ್‌ಗೆ ಒಂದು ಸಾಲು ಸೇರಿಸಿದ್ರೆ ಮುಗೀತು."

ಮಾವ ಸಾಲು ಸೇರಿಸಿದರು: ಯಾವನ ಎದೆಯಾದರೂ ಸಾಹೇಬರ ಚೌಕದಲ್ಲಿರುವ ಅಂಕಿಗಿಂತ ಹೆಚ್ಚಾಗಿ ಬಂದರೆ, ಸಾಹೇಬರ ಎದೆಗಿಂತ ಒಂದು ಇಂಚು ಕಡಿಮೆ ಎಂದು ಬರೆ. ಒತ್ತಿದ ಕೂಡಲೇ ಬೀರುವಿನ ಎದೆ ಐವತ್ತರಿಂದ ನಲವತ್ತೆರಡಕ್ಕೆ ಇಳಿಯಿತು. ಅವನು ಆಗ ಹೊರಗೆ ಬೀದಿಯಲ್ಲಿ ಪೈಪು ಹೊತ್ತು ಹೋಗುತ್ತಿದ್ದ. ಅವನಿಗೇನೂ ಗೊತ್ತಾಗಲಿಲ್ಲ, ನೋವೂ ಆಗಲಿಲ್ಲ. ಆಡಳಿತ ಎಂದರೆ ಹೀಗಿರಬೇಕು.

ಕತ್ತರಿಸುವ ದಿನ ಬಂತು. ಮಾವ ಶೀಟ್ ನೋಡಿ ಬಟ್ಟೆಯ ಮೇಲೆ ಚಾಕ್ ಎಳೆದರು, ಕತ್ತರಿ ಎತ್ತಿದರು. ನೆಟ್‌ವರ್ಕ್ ಹೋದಾಗ ಚೌಕದಲ್ಲಿ 'ಲೋಡಿಂಗ್' ಎಂದು ಬರುತ್ತಿತ್ತು. ಆಗ ಕತ್ತರಿಯ ಬಾಯಿ ತೆರೆದುಕೊಂಡೇ ಕಾಲು ಗಂಟೆ ನಿಂತಿರುತ್ತಿದ್ದರು.

"ಮಾವ, ಒಂದು ಟ್ರಯಲ್ ನೋಡ್ಬಾರ್ದಾ? ಬರೇ ಸಾಹೇಬ್ರದು, ಬೀರಣ್ಣಂದು..."

"ಟ್ರಯಲ್ ಅನ್ನೋದು ಅನುಮಾನ ಇರೋರಿಗೆ."

ನಾನು ಪಕ್ಕದಲ್ಲಿ ನಿಂತು ಬಟ್ಟೆ ಹಿಡಿದುಕೊಟ್ಟೆ. ಆಗ ಒಂದು ವಿಚಿತ್ರ ಕಂಡಿತು. ಮಾವನ ಕಣ್ಣು ಪರದೆಯ ಮೇಲಿತ್ತು, ಬಾಯಿ 'ಮೂವತ್ತೆಂಟು, ಮೂವತ್ತೆಂಟು' ಎನ್ನುತ್ತಿತ್ತು. ಕತ್ತರಿ ಮಾತ್ರ ಚಾಕ್ ಗೆರೆಯ ಮೇಲೆ ಹೋಗದೆ, ಅದರಿಂದಾಚೆ ದೂರ ಸರಿದು ಹೋಗುತ್ತಿತ್ತು. ಪ್ಯಾಂಟಿನ ಹಿಂಬದಿಯಲ್ಲಿ ಎರಡೆರಡು ಇಂಚು, ಅಂಗಿಯ ಪಕ್ಕಗಳಲ್ಲಿ ಒಂದೊಂದು ಇಂಚು, ಭುಜದಲ್ಲೂ ಒಂದು ಬೆರಳು. ಮುಂದೆ ದಪ್ಪಗಾದರೆ ಬಿಚ್ಚಿ ಸಡಿಲಿಸಲಿ ಎಂದು ಹಳೆಯ ಟೈಲರುಗಳು ಒಳಗೆ ಬಿಡುವ ಬಟ್ಟೆ ಅದು. ಮೂವತ್ತು ವರ್ಷದ ಕೈಗೆ ಯಾರೂ ಫಂಕ್ಷನ್ ಬಗ್ಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಬಿಟ್ಟ ಬಟ್ಟೆಯನ್ನೆಲ್ಲ ಜೋಪಾನವಾಗಿ ಒಳಗೆ ಮಡಿಸಿ ಹೊಲಿದೆ.

ತಪಾಸಣೆಯ ದಿನ. ದೊಡ್ಡ ಸಾಹೇಬರು ನಾಲ್ಕು ಗಂಟೆಗೆ ಬರುವುದಿತ್ತು. ಬೆಳಗ್ಗೆ ಹತ್ತಕ್ಕೆ ಠಾಣೆಯ ಅಂಗಳದಲ್ಲಿ ಹೊಸ ಬಟ್ಟೆ ತೊಟ್ಟು ಅಭ್ಯಾಸ. ಮಾವ ಹೊಸ ಡಿಜಿಟಲ್ ಗತ್ತಿನಲ್ಲಿ ಮುಂದೆ ನಿಂತಿದ್ದರು, ಹಿಂದೆ ಅತ್ತೆ, ಅತ್ತೆಯ ಹಿಂದೆ ನಾನು. ಎದುರಂಗಡಿಯವನು ಕೈಯಲ್ಲೊಂದು ದೊಡ್ಡ ಚೀಲ ಹಿಡಿದು ಕರೆಯದೇ ಬಂದಿದ್ದ.

ಜವಾನರು ಒಬ್ಬೊಬ್ಬರಾಗಿ ಹೊರಗೆ ಬಂದರು. ಬಂದವರೆಲ್ಲ ಬಲಕ್ಕೆ ವಾಲಿಕೊಂಡೇ ಬಂದರು. ಬಲಭುಜ ಹಿಡಿದು ಕೆಳಗೆಳೆಯುವ ಅಂಗಿ ತೊಟ್ಟವನು ಇನ್ನೇನು ಮಾಡಿಯಾನು? ಬಲಗೈ ತೋಳು ಬೆರಳಿನವರೆಗೆ, ಪ್ಯಾಂಟು ಹಿಮ್ಮಡಿಯ ಕೆಳಗೆ. ತೆಳ್ಳಗೆ ಉದ್ದಕ್ಕಿದ್ದ ಏಣಿ ಎಂಬ ಜವಾನನಂತೂ ಗೋಡೆಗೆ ಒರಗಿಸಿಟ್ಟ ಏಣಿಯೇ ಆಗಿದ್ದ. ಹನ್ನೊಂದು ಜನ ಸಾಲಾಗಿ ನಿಂತಾಗ ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಕಂಡರು. ಗಾಳಿ ಇರಲಿಲ್ಲ. ಬೀರು ಉಸಿರಾಡುತ್ತಿರಲಿಲ್ಲ, ಆಡಿದರೆ ಗುಂಡಿಗಳು ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು.

ಸೈರನ್ ಸಾಹೇಬರೂ ಬಲಕ್ಕೆ ವಾಲಿಕೊಂಡೇ ಬಂದು ಸಾಲಿನ ಎದುರು ನಿಂತರು. ಎದುರುಬದುರು ನಿಂತವರು ಇಬ್ಬರೂ ತಮ್ಮ ತಮ್ಮ ಬಲಕ್ಕೆ ವಾಲಿದ್ದರಿಂದ ಅವರ ಕಣ್ಣಿಗೆ ಸಾಲು ದುಪ್ಪಟ್ಟು ಡೊಂಕಾಗಿ ಕಂಡಿತು.

"ಏನ್ರೋ ಇದು? ಯಾಕೆಲ್ಲ ಹಂಗೆ ವಾಲಿದೀರಾ?"

"ನಾವು ವಾಲಿಲ್ಲ ಸಾರ್, ಅಂಗಿ ವಾಲಿದೆ. ನಾವು ಅದರೊಳಗೆ ಇದೀವಿ ಅಷ್ಟೇ," ಎಂದ ಏಣಿ.

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಸಾಲನ್ನು ನೋಡಿದರು, ನೆಲವನ್ನು ನೋಡಿದರು.

"ಸಾರ್, ಈ ಅಂಗಳ ಸಮ ಇದ್ದಂಗಿಲ್ಲ."

ಅತ್ತೆ ನನ್ನ ಕಿವಿಯಲ್ಲಿ, "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದರು. ಅತ್ತೆಯ ಪಿಸುಮಾತೂ ಸಾಹೇಬರ ಜಾತಿಯದೇ, ಎಲ್ಲರಿಗೂ ಕೇಳಿಸಿತು.

"ಅಂಗಳದ ಮಾತು ಬಿಡ್ರೀ! ಅಟೆನ್ಷನ್!" ಎಂದು ಸಾಹೇಬರು ಕಾಲು ಜೋಡಿಸಿ ಎದೆ ಸೆಟೆಸಿದರು.

ಪರ್ರ್ ಎಂದು ಸದ್ದಾಯಿತು. ಸಾಹೇಬರ ಹಿಂದಿನಿಂದ. ಸಾಲಿನಲ್ಲಿದ್ದವರ ಮುಖ ಕಲ್ಲಾಯಿತು. ಬೀರು ಮಾತ್ರ ನಗು ತಡೆಯಲು ಹೋಗಿ ಉಸಿರಾಡಿಬಿಟ್ಟ. ಎರಡು ಗುಂಡಿ ಹಾರಿದವು. ಒಂದು ಗಾಡಿಯ ಗಂಟೆಗೆ ತಾಗಿ ಠಣ್ ಎಂದಿತು. ಅಭ್ಯಾಸಬಲದಿಂದ ಡ್ರೈವರಣ್ಣ ಓಡಿಹೋಗಿ ಗಾಡಿ ಹತ್ತಿ ಕೂತರು.

ಮಾವ ಆಗಲೂ ಸೋಲಲಿಲ್ಲ. ಕಂಕುಳಲ್ಲಿದ್ದ ಲ್ಯಾಪ್‌ಟಾಪ್ ತೆರೆದು ಸಾಹೇಬರ ಮುಂದೆ ಹಿಡಿದರು. "ನೋಡಿ ಸಾರ್, ಇಲ್ಲಿ ಸರಿಯಾಗೇ ಇದೆ. ಎಪ್ಪತ್ತಾರು ಕಿಲೋಗೆ ಮೂವತ್ತೆಂಟೇ ಬರಬೇಕು. ಫಂಕ್ಷನ್ ತಪ್ಪಿಲ್ಲ. ತಪ್ಪೇನಿದ್ರೂ..." ಎಂದು ಸಾಹೇಬರ ಹೊಟ್ಟೆಯ ಕಡೆ ನೋಡಿ ಮಾತು ನುಂಗಿದರು. ನುಂಗುವುದು ಸ್ವಲ್ಪ ತಡವಾಗಿತ್ತು.

ಸಾಹೇಬರ ಮುಖ ಅವರ ಗಾಡಿಯ ಬಣ್ಣಕ್ಕೆ ತಿರುಗಿತು. ಒಂದು ಕೈ ಹಿಂದೆ ಹಿಡಿದುಕೊಂಡೇ ಎದುರಂಗಡಿಯವನನ್ನು ಕರೆದರು. "ನಿಮ್ಮ ಹತ್ರ ಏನಿದೆ?"

ನನ್ನ ಕಣ್ಣಿಗೆ ಅಕ್ಕನ ಮನೆಯ ನಾಲ್ಕೂ ಮೂಗಿನ ಹೊಳ್ಳೆ ಕಂಡವು.

"ಹನ್ನೆರಡು ಜೊತೆ ರೆಡಿ ಇದೆ ಸಾರ್!" ಎಂದು ಅವನು ಚೀಲ ಬಿಚ್ಚಿದ. ನಾಕು ಸೈಜಿನ ಸಿದ್ಧಾಂತಕ್ಕೆ ಅವನ ಬದುಕಿನ ದೊಡ್ಡ ಗಳಿಗೆ. ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದ, ಹಿಂದೆ ಹೋಗಿ ನೋಡಿದ, ಚೀಲದ ತಳಕ್ಕೆ ಕೈ ಹಾಕಿದ. ಆಮೇಲೆ ಹನ್ನೊಂದು ಜವಾನರ ಎದುರು, ಸಾಮಾನು ಮಾರುವವನ ತುಂಬುಗಂಟಲಿನಲ್ಲಿ ಕೂಗಿದ:

"ಸಾಹೇಬ್ರಿಗೆ ನಾಕರಲ್ಲಿ ಯಾವುದೂ ಆಗಲ್ಲ. ಡಬಲ್ ಎಕ್ಸೆಲ್ ತರಿಸ್ಬೇಕು!"

ಸಾಹೇಬರು ಅವನನ್ನು ನೋಡಿದ ನೋಟಕ್ಕೆ ಬೆಂಕಿ ಹತ್ತದಿದ್ದದ್ದು ಅಲ್ಲಿ ನೀರಿನ ಗಾಡಿ ಇದ್ದದ್ದರಿಂದ ಇರಬೇಕು.

ಆ ಗಳಿಗೆಯಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಠಾಣೆಯವರು ಶೀಟಿನಲ್ಲಿ ತಿದ್ದಿ ತಿದ್ದಿ ಹೇಳಿದ್ದು ಮೈ ಎಷ್ಟಿದೆ ಎಂದಲ್ಲ, ಎಷ್ಟಿರಬೇಕು ಎಂದು. ಅದನ್ನು ನಾವು ಯಾರೂ ಕೇಳಿಸಿಕೊಂಡಿರಲಿಲ್ಲ. ನಾನು ಅತ್ತೆಯ ಹಿಂದಿನಿಂದ ಈಚೆ ಬಂದೆ. ಅಷ್ಟು ಗಂಡಸರ ಮುಂದೆ ನಾನು ಮಾತಾಡಿದ್ದು ಅದೇ ಮೊದಲು. ನೆಲ ನೋಡುತ್ತಲೇ ಹೇಳಿದೆ:

"ಸಾಹೇಬ್ರೆ, ನಿಮ್ಮ ಸೊಂಟ ಮೂವತ್ತೆಂಟೇ. ಬಟ್ಟೆ ಕುಗ್ಗಿದೆ."

ಎಲ್ಲರೂ ನನ್ನನ್ನು ನೋಡಿದರು.

"ಹೊಸ ಬಟ್ಟೆ, ಬೆಳಗ್ಗೆ ಥಂಡಿ ಇತ್ತು, ಕುಗ್ಗಿಬಿಟ್ಟಿದೆ. ಬಿಚ್ಚಿ ಹೊಲಿದ್ರೆ ಸರಿಹೋಗುತ್ತೆ. ನಾಲ್ಕು ಗಂಟೆಯೊಳಗೆ ಹನ್ನೆರಡೂ ಕೊಡ್ತೀನಿ."

ಥಂಡಿಗೆ ಕುಗ್ಗುವ ಬಟ್ಟೆಯನ್ನು ಜಗತ್ತಿನಲ್ಲಿ ಯಾರೂ ಈವರೆಗೆ ನೇಯ್ದಿಲ್ಲ. ಸಾಹೇಬರು ಮಾತ್ರ ತಕ್ಷಣ ನಂಬಿದರು.

"ಕೇಳಿದ್ರೇನ್ರೋ? ಕುಗ್ಗಿದೆ! ನಾನಾಗ್ಲೇ ಅಂದ್ಕೊಂಡೆ," ಎಂದು ಸಾಲಿಗೆ ಹೇಳಿ, ರೆಡಿಮೇಡಿನವನ ಕಡೆ ತಿರುಗಿ, "ನೀವು ಚೀಲ ಕಟ್ರೀ," ಎಂದರು.

ಅಂಗಡಿಗೆ ಓಡಿದೆವು. ಹಿಂದೆಯೇ ಹನ್ನೆರಡು ಜೊತೆ ಬಟ್ಟೆ ಬಂತು. ಮಾವ ಕುರ್ಚಿಯ ಮೇಲೆ ಕುಸಿದು ಕುಳಿತು, "ಆಗಲ್ಲ ಪುಟ್ಟಿ. ಹೊಸ ಬಟ್ಟೆ ಎಲ್ಲಿಂದ ತರೋದು? ಇಲ್ಲದ ಬಟ್ಟೇನ ಹೆಂಗೆ ಬಿಚ್ತೀಯ?" ಎಂದರು. ಅವರ ದನಿಯಲ್ಲಿ ಡಿಜಿಟಲ್ ಎಂಬುದು ಒಂದಿಷ್ಟೂ ಉಳಿದಿರಲಿಲ್ಲ.

ನಾನು ಸಾಹೇಬರ ಪ್ಯಾಂಟನ್ನು ಮಗುಚಿ, ಒಳಗಿನ ಮಡಿಕೆ ತೋರಿಸಿದೆ. ಈ ಕಡೆ ಎರಡಿಂಚು, ಆ ಕಡೆ ಎರಡಿಂಚು.

"ಇದನ್ನ ಯಾರು ಬಿಟ್ಟಿದ್ದು?"

"ನೀವೇ ಮಾವ."

"ನಾನಾ? ನಾನು ಬಿಟ್ಟಿಲ್ಲ. ಫಂಕ್ಷನ್‌ನಲ್ಲಿ ಅದು ಇರ್ಲಿಲ್ಲ."

"ಕೈಯಲ್ಲಿತ್ತು."

ಮಾವ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಯಾರೋ ಪರಿಚಯದವರನ್ನು ಎಷ್ಟೋ ವರ್ಷದ ಮೇಲೆ ಕಂಡವರ ಹಾಗೆ.

"ಭಾವುಕರಾಗೋದು ಆಮೇಲೆ ಆಗ್ರೀ. ಅಳತೆ ಎಲ್ಲಿ?" ಎಂದರು ಅತ್ತೆ.

ಇಸ್ತ್ರಿ ಮೇಜನ್ನು ಅಡ್ಡ ಮಲಗಿಸಿದೆವು. ಹಲಗೆಯ ಅಡಿಯಲ್ಲಿ ಹನ್ನೆರಡು ಜನರೂ ಚಾಕ್‌ನಲ್ಲಿ ಇದ್ದರು. ಮಾವ ಓದಿದರು. ಸಾಹೇಬರ ಸೊಂಟದ ಮುಂದೆ ನಲವತ್ತೆರಡು, ಬೀರುವಿನ ಎದೆಯ ಮುಂದೆ ನಲವತ್ತಾರು.

"ಟೇಪು ಯಾವಾಗ ಹಿಡಿದೆ?"

"ಹಿಡಿದಿಲ್ಲ."

ಅತ್ತೆ ಮೊದಲ ಸಲ ಗಂಡನ ಮುಂದೆ ನನ್ನ ಪರ ನಿಂತರು. "ಅವಳು ಕಣ್ಣಲ್ಲೇ ಅಳೀತಾಳೆ. ನಿಮ್ಮ ಹಂಗೆ ಎಲ್ಲರನ್ನೂ ಮಾವನ್ನ ಮಾಡಲ್ಲ."

ಮಾವ ಒಂದು ಮಷೀನು, ನಾನು ಒಂದು ಮಷೀನು. ಬಿಚ್ಚುವುದು, ಸಡಿಲಿಸುವುದು, ಬಲಭುಜ ಎತ್ತುವುದು, ಬಲದೋಳನ್ನು ಒಂದಿಂಚು ಮಡಿಸುವುದು, ಪ್ಯಾಂಟಿನ ಕಾಲು ಮೇಲೆ ಮಾಡುವುದು. ಅತ್ತೆಗೆ ಇಸ್ತ್ರಿ ಮೇಜು ಇರಲಿಲ್ಲ, ಅದು ಅಳತೆ ಪುಸ್ತಕವಾಗಿ ಗೋಡೆಗೆ ಒರಗಿತ್ತು. ನೆಲದ ಮೇಲೆ ಕಂಬಳಿ ಹಾಸಿ ಇಸ್ತ್ರಿ ಹಾಕಿದರು. ಬೀರುವಿನ ಕಂಕುಳಲ್ಲಿ ಬಟ್ಟೆ ಸಾಲದೆ ಹೊಸ ತುಂಡು ಸೇರಿಸಬೇಕಾಗಿ ಬಂದಾಗ ಮಾವನ ಎರಡೂ ಕೈ ಮಷೀನಿನಲ್ಲಿದ್ದವು. ಅವರು ಕತ್ತೆತ್ತದೆ, ಗದ್ದದಿಂದ ಕತ್ತರಿಸುವ ಮೇಜಿನ ಕಡೆ ತೋರಿಸಿದರು.

"ನೀನೇ ಕತ್ತರಿಸು."

ದೊಡ್ಡ ಕತ್ತರಿ ನಾನಂದುಕೊಂಡಿದ್ದಕ್ಕಿಂತ ಭಾರವಿತ್ತು. ಭುಜ ಇಳಿಯುವುದು ಯಾಕೆಂದು ಗೊತ್ತಾಯಿತು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಹನ್ನೆರಡನೆಯ ಜೊತೆ ಹೋಯಿತು. ದೊಡ್ಡ ಸಾಹೇಬರು ಬಂದು ಸಾಲಿನ ಉದ್ದಕ್ಕೂ ನಡೆದರು. ಎಲ್ಲರೂ ನೆಟ್ಟಗೆ ನಿಂತಿದ್ದರು. ಬೀರು ಧಾರಾಳವಾಗಿ ಉಸಿರಾಡುತ್ತಿದ್ದ. ದೊಡ್ಡ ಸಾಹೇಬರು ಸೈರನ್ ಸಾಹೇಬರ ಮುಂದೆ ನಿಂತು, "ಏನ್ರೀ, ಇಳಿದಿದೀರಾ ಸ್ವಲ್ಪ?"‌ ಎಂದರಂತೆ. ಸರಿಯಾದ ಅಳತೆಯ ಬಟ್ಟೆ ತೊಟ್ಟವರು ಇಳಿದವರ ಹಾಗೆಯೇ ಕಾಣುತ್ತಾರೆ. ಆ ಒಂದು ಮಾತಿಗೆ ಆರ್ಡರ್ ನಮಗೆ ಖಾಯಂ ಆಯಿತು.

ಇಷ್ಟಾದ ಮೇಲೆ ಮಾವನಿಗೆ ಬುದ್ಧಿ ಬಂತು ಎಂದುಕೊಂಡರೆ ಅದು ನಿಮ್ಮ ತಪ್ಪು. ಮರುವಾರ ಮತ್ತೆ ಲ್ಯಾಪ್‌ಟಾಪ್ ತೆರೆದು ಕುಳಿತರು. ಸಂಜೆಯ ಹೊತ್ತಿಗೆ ಸೈರನ್ ಸಾಹೇಬರ ಫೋನ್ ಬಂತು. ಫೋನ್ ಇಲ್ಲದೆಯೂ ಕೇಳಿಸುತ್ತಿತ್ತು.

"ಮಾಸ್ಟ್ರೇ, ಶೀಟಿಗೆ ಏನೋ ಆಗಿದೆ! ಎಲ್ಲರ ಸೊಂಟದ ಸೆಲ್‌ನಲ್ಲೂ 'ಹುಡುಗೀನ ಕೇಳಿ' ಅಂತ ಬರ್ತಿದೆ!"

"ಹೌದು ಸಾರ್. ಹೊಸ ಫಂಕ್ಷನ್. ಎತ್ತರ ಕೊಡಿ, ತೂಕ ಕೊಡಿ, ಏನೇ ಕೊಡಿ, ಅದನ್ನೇ ಹೇಳುತ್ತೆ. ಇನ್ನು ತಪ್ಪಾಗೋ ಮಾತೇ ಇಲ್ಲ."

ಮರುದಿನ ಸಾಹೇಬರು ಇನ್ನೊಂದು ಜೊತೆ ಹೊಲಿಸಲು ತಾವೇ ಬಂದರು. ಅತ್ತೆ ಒಳಗೆ ಹೋಗುವವರೆಗೆ ಕಾದು, ಎದುರಂಗಡಿಯ ಕಡೆ ಒಮ್ಮೆ ನೋಡಿ, ನನ್ನ ಮಷೀನಿನ ಹತ್ತಿರ ಬಾಗಿ, ಜೀವಮಾನದಲ್ಲಿ ಮೊದಲ ಬಾರಿಗೆ ನಿಜವಾಗಿ ಪಿಸುಗುಟ್ಟಿದರು:

"ಏನಮ್ಮಾ... ಮೂವತ್ತೆಂಟೇ ಅಲ್ವಾ?"

"ಮೂವತ್ತೆಂಟೇ ಸಾಹೇಬ್ರೆ," ಎಂದೆ.

ಅವರ ಎದುರೇ ಶೀಟ್ ತೆರೆದು, ಅವರ ಸೊಂಟದ ಚೌಕದಲ್ಲಿ ಮೂವತ್ತೆಂಟು ಎಂದು ಬರೆದೆ. ಆಮೇಲೆ ದೊಡ್ಡ ಕತ್ತರಿ ಎತ್ತಿಕೊಂಡು ನಲವತ್ತೆರಡೂವರೆಗೆ ಕತ್ತರಿಸಿದೆ.